ದಾಕ್ಷಿಣ್ಯ ಪಕ್ಕಕ್ಕಿಡಿ, ಮೊದಲು ನಂಬರ್ ಕೇಳಿ

ನಮ್ಮ ಕೋಲಾರದ ಕಡೆ ಹಸು ಕೊಳ್ಳೋಕೆ ಹೋದವರನ್ನ ನೋಡಿದ್ದೀರಾ? ಹಲ್ಲು ನೋಡ್ತಾರೆ. ಎಷ್ಟನೇ ಸೂಲು ಅಂತ ಕೇಳ್ತಾರೆ. ಎರಡು ಹೊತ್ತು ಎದುರಿಗೇ ಹಾಲು ಕರೆದು ತೋರಿಸಿ ಅಂತಾರೆ. ಅಷ್ಟಕ್ಕೂ ಸಮಾಧಾನ ಆಗದಿದ್ದರೆ ಡೇರಿಗೆ ಹೋಗಿ, ಆ ಮನೆಯವರು ದಿನಕ್ಕೆ ಎಷ್ಟು ಲೀಟರ್ ಹಾಕ್ತಿದ್ದರು ಅಂತ ಸೆಕ್ರೆಟರಿ ಹತ್ತಿರ ವಿಚಾರಿಸಿಕೊಂಡು ಬರ್ತಾರೆ. ಮಾರುವವನೂ ಬೇಜಾರು ಮಾಡಿಕೊಳ್ಳೋದಿಲ್ಲ. ವ್ಯಾಪಾರ ಅಂದ್ರೆ ಹಾಗೇ.

ಅದೇ ಮನೆಗೆ ಇಪ್ಪತ್ತು ಲಕ್ಷ ರೂಪಾಯಿ ಬರುತ್ತೆ ಅಂದುಕೊಳ್ಳಿ. ನಾಲ್ಕೇ ದಿನಕ್ಕೆ ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲೊಂದು ಫೈಲು ಹಿಡಿದು ಯಾರೋ ಬಂದು "ನಾನು ಫೈನಾನ್ಷಿಯಲ್ ಅಡ್ವೈಸರ್" ಅಂತಾರೆ. ನಾವು ಕಾಫಿ ಕೊಡ್ತೀವಿ, ಆಧಾರ್, ಪ್ಯಾನ್ ಜೆರಾಕ್ಸ್ ಕೊಡ್ತೀವಿ, ತೋರಿಸಿದ ಕಡೆ ಸೈನ್ ಹಾಕ್ತೀವಿ. ನಿಮ್ಮ ಲೈಸೆನ್ಸ್ ಯಾವುದು, ನಿಮಗೆ ಸಂಬಳ ಯಾರು ಕೊಡ್ತಾರೆ ಅಂತ ಒಂದು ಮಾತು ಕೇಳೋದಿಲ್ಲ. ಯಾಕೆ? ಗೊತ್ತಿಲ್ಲದೆ ಅಲ್ಲ. ದಾಕ್ಷಿಣ್ಯ.

ಈ ವಾರ ಆ ದಾಕ್ಷಿಣ್ಯದ ಬಗ್ಗೆಯೇ ಬರೀಬೇಕು ಅನ್ನಿಸಿತು. ನಮ್ಮ ಜಿಲ್ಲೆಯಲ್ಲಿ ಈಗ ಕೈಗೆ ದುಡ್ಡು ಬರೋ ದಾರಿಗಳು ಬದಲಾಗಿವೆ. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿನವರು ಸಂಬಳ ಎಣಿಸ್ತಿದ್ದಾರೆ. ಬಂಗಾರಪೇಟೆ, ಕೆಜಿಎಫ್‌ನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗೋರಿದ್ದಾರೆ. ಇನ್ನೊಂದು ಕಡೆ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಮಾಲೂರು, ಬಂಗಾರಪೇಟೆ, ಕೆಜಿಎಫ್ ಕಡೆ ಜಮೀನು ಹೋಗಿ, ಪರಿಹಾರದ ಹಣ ಅಪ್ಪಂದಿರ ಖಾತೆಗೆ ಬಂದಿದೆ. ದುಡ್ಡು ಬಂದ ಕಡೆ ಸಲಹೆಗಾರರೂ ಬರ್ತಾರೆ. ಬರಲಿ, ತಪ್ಪಿಲ್ಲ. ಒಳ್ಳೆಯ ಸಲಹೆಗಾರ ಸಿಕ್ಕರೆ ಪುಣ್ಯ. ಆದರೆ ಬಂದವರು ಯಾರು ಅನ್ನೋದನ್ನ ತಿಳಿದುಕೊಳ್ಳಬೇಕಲ್ಲ.

ಮೂರು ಥರದ ಜನ, ಒಂದೇ ಥರದ ಕಾರ್ಡು

ವಿಸಿಟಿಂಗ್ ಕಾರ್ಡಿನ ಮೇಲೆ "ಅಡ್ವೈಸರ್" ಅಂತ ಇದ್ದರೂ ಅದರ ಹಿಂದೆ ಮೂರು ಬೇರೆ ಬೇರೆ ಕೆಲಸಗಳು ಇರಬಹುದು.

ಮೊದಲನೆಯವರು ಸೆಬಿಯಲ್ಲಿ ನೋಂದಣಿಯಾದ ಹೂಡಿಕೆ ಸಲಹೆಗಾರರು. 2013ರಲ್ಲಿ ಬಂದ ನಿಯಮದ ಪ್ರಕಾರ ದುಡ್ಡು ತೆಗೆದುಕೊಂಡು ಹೂಡಿಕೆ ಸಲಹೆ ಕೊಡೋರು ಸೆಬಿಯಲ್ಲಿ ನೋಂದಣಿ ಮಾಡಿಸಬೇಕು. ಇವರ ನಂಬರ್ 'ಐಎನ್‌ಎ' ಅನ್ನೋ ಮೂರು ಅಕ್ಷರದಿಂದ ಶುರುವಾಗುತ್ತೆ, ಮುಂದೆ ಒಂಬತ್ತು ಅಂಕಿ ಇರುತ್ತೆ. ಇವರಿಗೆ ಫೀಸು ಕೊಡೋರು ನಾವೇ. ನಮಗೆ ಸಲಹೆ ಕೊಟ್ಟು, ಅದೇ ಹೂಡಿಕೆಯ ಮೇಲೆ ಕಂಪನಿಯಿಂದ ಕಮಿಷನ್ ತಗೊಳ್ಳೋ ಹಾಗಿಲ್ಲ. ಫೀಸಿಗೂ ಮಿತಿ ಇದೆ: ನಿಗದಿತ ಫೀಸಿನ ಲೆಕ್ಕದಲ್ಲಾದರೆ ಒಂದು ಕುಟುಂಬಕ್ಕೆ ವರ್ಷಕ್ಕೆ ಹೆಚ್ಚೆಂದರೆ 1,51,000 ರೂಪಾಯಿ. ಮಧ್ಯಮ ವರ್ಗದ ಮನೆಗಳಿಗೆ ಸಾಮಾನ್ಯವಾಗಿ ಅದಕ್ಕಿಂತ ತುಂಬಾ ಕಡಿಮೆ ಇರುತ್ತೆ. ಆ ಫೀಸು ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಹೋಗಬೇಕು, ಕ್ಯಾಶ್ ಇಲ್ಲ. ಇಂಥವರು ಇಡೀ ದೇಶದಲ್ಲಿ ಸಾವಿರದ ಆಸುಪಾಸಿನಲ್ಲಿದ್ದಾರೆ ಅಷ್ಟೇ. ಅಂದ್ರೆ ನಿಮ್ಮ ಮನೆಗೆ ತಾನಾಗೇ ಹುಡುಕಿಕೊಂಡು ಬಂದ 'ಅಡ್ವೈಸರ್' ಇವರಲ್ಲೊಬ್ಬರಾಗಿರೋ ಸಾಧ್ಯತೆ ಕಡಿಮೆ.

ಎರಡನೆಯವರು ಮ್ಯೂಚುವಲ್ ಫಂಡ್ ವಿತರಕರು. ಇವರಿಗೆ ಆಂಫಿ ಸಂಸ್ಥೆ ಕೊಡೋ 'ಎಆರ್‌ಎನ್' ನಂಬರ್ ಇರುತ್ತೆ. ಇವರಿಗೆ ದುಡ್ಡು ಫಂಡ್ ಕಂಪನಿಯಿಂದ ಬರುತ್ತೆ, ಕಮಿಷನ್ ರೂಪದಲ್ಲಿ. ಇದು ಕಾನೂನುಬದ್ಧ ಕೆಲಸ. ಎಷ್ಟೋ ಜನ ತುಂಬಾ ಚೆನ್ನಾಗಿ, ಪ್ರಾಮಾಣಿಕವಾಗಿ ಮಾಡ್ತಾರೆ. ಆದರೆ ಇವರು ಸಲಹೆಗಾರರಲ್ಲ, ಮಾರಾಟಗಾರರು. ವಿತರಕರು ತಮ್ಮನ್ನ 'ವೆಲ್ತ್ ಅಡ್ವೈಸರ್' ಅಂತ ಕರೆದುಕೊಳ್ಳಬಾರದು ಅಂತ ಸೆಬಿ 2020ರಲ್ಲೇ ಹೇಳಿದೆ. ಹಾಗಾಗಿ ಎಆರ್‌ಎನ್ ಮಾತ್ರ ಇರೋರ ಕಾರ್ಡಿನ ಮೇಲೆ ಆ ಪದ ಕಂಡರೆ ಅಲ್ಲೇ ಒಂದು ಪ್ರಶ್ನೆ ಹುಟ್ಟಬೇಕು.

ಮೂರನೆಯವರು ವಿಮೆ ಏಜೆಂಟರು. ಇವರ ನಿಯಂತ್ರಣ ಐಆರ್‌ಡಿಎಐ ಕೈಯಲ್ಲಿದೆ. ಪಾಲಿಸಿ ಮಾರಿದರೆ ಕಮಿಷನ್, ಅದರಲ್ಲೂ ಮೊದಲ ವರ್ಷದ ಪ್ರೀಮಿಯಂ ಮೇಲೆ ಜಾಸ್ತಿ. "ಎಫ್‌ಡಿ ಥರಾನೇ ಸಾರ್, ಜೊತೆಗೆ ಇನ್ಶೂರೆನ್ಸ್ ಫ್ರೀ" ಅನ್ನೋ ಮಾತು ಸಾಮಾನ್ಯವಾಗಿ ಇಲ್ಲಿಂದಲೇ ಬರೋದು.

ಈ ಮೂವರಲ್ಲಿ ಯಾರು ಮೇಲು, ಯಾರು ಕೀಳು ಅನ್ನೋದು ನನ್ನ ಮಾತಲ್ಲ. ಎದುರಿಗೆ ಕೂತಿರೋರು ಯಾವ ಟೋಪಿ ಹಾಕಿಕೊಂಡು ಕೂತಿದ್ದಾರೆ ಅನ್ನೋದು ನಮಗೆ ಗೊತ್ತಿರಬೇಕು, ಅಷ್ಟೇ.

ನಂಬರ್ ನಿಜ, ಆದರೂ...

ಮಾಲೂರು ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ. ರಸ್ತೆಗೆ ಜಮೀನು ಹೋಗಿ ಇಪ್ಪತ್ನಾಲ್ಕು ಲಕ್ಷ ಬಂತು. ಮಗಳ ಮದುವೆ ಬಾಕಿ ಇದೆ, ಬೋರ್‌ವೆಲ್ ಸಾಲ ಇದೆ. ಉಳಿದ ಜಮೀನು ಅಂದ್ರೆ ಮುಕ್ಕಾಲು ಎಕರೆ. ಆ ದುಡ್ಡು ಹೋದರೆ ಹಿಂದೆ ಏನೂ ಇಲ್ಲ.

ಊರಿನಲ್ಲಿ ಎಲ್ಲರಿಗೂ ಗೊತ್ತಿರೋ ಮೇಷ್ಟ್ರ ಮಗನೊಬ್ಬರು ಮನೆಗೆ ಬರೋಕೆ ಶುರು ಮಾಡಿದರು. ಒಳ್ಳೆ ಮಾತು, ಒಳ್ಳೆ ನಡವಳಿಕೆ. ನರಸಾಪುರದಲ್ಲಿ ಕೆಲಸ ಮಾಡೋ ಚಿಕ್ಕಪ್ಪನ ಮಗ ನನಗೆ ಫೋನ್ ಮಾಡಿದ. "ಅಕ್ಕಾ, ಭಾನುವಾರ ಅವರು ಬರ್ತಾರಂತೆ. ಅಪ್ಪ ಚೆಕ್ ಬುಕ್ ತೆಗೆದಿಟ್ಟವ್ರೆ. ನೀನೂ ಬಂದುಬಿಡು."

ಹೋದೆ. ಬರೋಕೆ ಮುಂಚೆ ಚಿಕ್ಕಪ್ಪನಿಗೆ ಹೇಳಿದೆ, ರಿಜಿಸ್ಟ್ರೇಷನ್ ನಂಬರ್ ಕೇಳೋಣ ಅಂತ. ಚಿಕ್ಕಪ್ಪನಿಗೆ ಸಿಟ್ಟು ಬಂತು. "ಮನೆಗೆ ಬಂದೋನ್ನ ಹಂಗೆ ಕೇಳ್ತಾರೇನಮ್ಮಾ? ಅವರಪ್ಪನ ಹತ್ರ ನಾನು ಅಕ್ಷರ ಕಲ್ತಿದ್ದು. ಏನಂದ್ಕೊಂಡಾನು?"

ಕೊನೆಗೆ ಕೇಳಿದ್ದು ಅವರ ಮಗ. ಆತ ಏನೂ ಬೇಜಾರು ಮಾಡಿಕೊಳ್ಳದೆ ಎಆರ್‌ಎನ್ ಕಾರ್ಡ್ ತೆಗೆದುಕೊಟ್ಟರು. ನಮ್ಮ ಹುಡುಗ ಅಲ್ಲೇ ಫೋನಿನಲ್ಲಿ ಆಂಫಿ ವೆಬ್‌ಸೈಟ್ ತೆಗೆದು ನೋಡಿದ. ಹೆಸರು ಸರಿ, ಊರು ಸರಿ, ಅವಧಿಯೂ ಇದೆ. ಚಿಕ್ಕಪ್ಪನ ಮುಖ ಅರಳಿತು. "ನೋಡಿದ್ರಾ, ಎಲ್ಲಾ ಸರಿಯಾಗೇ ಐತೆ."

ಎಷ್ಟೋ ಜನ ನಿಲ್ಲೋದು ಇಲ್ಲೇ. ನಂಬರ್ ನಿಜ ಅಂದ ತಕ್ಷಣ ಎಲ್ಲವೂ ನಿಜ ಅಂದುಕೊಳ್ತೀವಿ.

ನಾನು ಇನ್ನೊಂದೇ ಪ್ರಶ್ನೆ ಕೇಳಿದೆ. "ಅಣ್ಣಾ, ಈ ಇಪ್ಪತ್ನಾಲ್ಕು ಲಕ್ಷದ ಚೆಕ್ಕು ಯಾರ ಹೆಸರಿಗೆ ಬರೀಬೇಕು?"

ಎಂಟು ಲಕ್ಷ ಮ್ಯೂಚುವಲ್ ಫಂಡಿಗೆ, ಅದು ಫಂಡಿನ ಹೆಸರಿಗೇ. ಸರಿ. ಉಳಿದ ಹದಿನಾರು ಲಕ್ಷ? "ಅದು ನಮ್ಮದೇ ಒಂದು ಗ್ರೂಪ್ ಇದೆ ಅಕ್ಕಾ, ಪಾರ್ಟ್‌ನರ್‌ಶಿಪ್ ಫರ್ಮು. ತಿಂಗಳಿಗೆ ಮೂರು ಪರ್ಸೆಂಟ್ ಗ್ಯಾರಂಟಿ. ಅಗ್ರಿಮೆಂಟ್ ಬಾಂಡ್ ಪೇಪರಲ್ಲೇ ಮಾಡ್ಕೊಡ್ತೀವಿ. ಜಿಎಸ್‌ಟಿ ಎಲ್ಲಾ ಇದೆ."

ವಿಷಯ ಇದ್ದದ್ದು ಅಲ್ಲಿ. ಎಆರ್‌ಎನ್ ನಂಬರ್ ಅವರಿಗೆ ಮ್ಯೂಚುವಲ್ ಫಂಡ್ ಮಾರೋಕೆ ಅನುಮತಿ ಕೊಡುತ್ತೆ. ಹದಿನಾರು ಲಕ್ಷಕ್ಕೂ ಆ ಕಾರ್ಡಿಗೂ ಸಂಬಂಧವೇ ಇಲ್ಲ. ಬೈಕಿನ ಲೈಸೆನ್ಸ್ ತೋರಿಸಿ ಲಾರಿ ಓಡಿಸಿದ ಹಾಗೆ. ಜಿಎಸ್‌ಟಿ ಇರೋದು ತೆರಿಗೆಗೆ. ಫರ್ಮು ನೋಂದಣಿ ಆಗಿರೋದು ವ್ಯಾಪಾರಕ್ಕೆ. ಜನರಿಂದ ಠೇವಣಿ ಎತ್ತೋಕೆ ಅದ್ಯಾವುದೂ ಅನುಮತಿ ಅಲ್ಲ. ಅನುಮತಿ ಇಲ್ಲದೆ ಠೇವಣಿ ಯೋಜನೆ ನಡೆಸೋದನ್ನ 2019ರ ಕೇಂದ್ರ ಕಾಯ್ದೆ ಪೂರ್ತಿ ನಿಷೇಧಿಸಿದೆ.

ಚಿಕ್ಕಪ್ಪನಿಗೆ ಕಾಯ್ದೆ ಬೇಕಿರಲಿಲ್ಲ, ಲೆಕ್ಕ ಬೇಕಿತ್ತು. ಹದಿನಾರು ಲಕ್ಷಕ್ಕೆ ತಿಂಗಳಿಗೆ ಮೂರು ಪರ್ಸೆಂಟ್ ಅಂದ್ರೆ 48,000. ವರ್ಷಕ್ಕೆ ಮೂವತ್ತಾರು ಪರ್ಸೆಂಟ್. ಬ್ಯಾಂಕಿನ ಎಫ್‌ಡಿಗೆ ಸಿಗೋದು ಆರು, ಏಳು. ಆ ಫರ್ಮು ಎಲ್ಲೂ ಒಂದು ರೂಪಾಯಿ ಹೂಡದೆ, ನಿಮ್ಮ ದುಡ್ಡನ್ನೇ ಬೀರುವಿನಲ್ಲಿಟ್ಟು ತಿಂಗಳು ತಿಂಗಳು ನಿಮಗೇ ಕೊಟ್ಟರೂ ಮೂವತ್ತಮೂರು ತಿಂಗಳು ಕೊಡಬಹುದು. ಅಷ್ಟರಲ್ಲಿ ನೀವೇ ಹತ್ತು ಜನರನ್ನ ಕರೆದುಕೊಂಡು ಬಂದಿರ್ತೀರಿ. ಆರು ತಿಂಗಳು ಸರಿಯಾಗಿ ಬಡ್ಡಿ ಬಂತು ಅನ್ನೋದು ಯೋಜನೆ ಚೆನ್ನಾಗಿದೆ ಅನ್ನೋದಕ್ಕೆ ಸಾಕ್ಷಿ ಅಲ್ಲ.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮದುವೆ ದುಡ್ಡು ಕಣಪ್ಪಾ, ಬ್ಯಾಂಕಲ್ಲೇ ಇರ್ಲಿ" ಅಂದರು. ಅದಾದಮೇಲೆ ಕೆಲವು ತಿಂಗಳು ಆತ ದಾರಿಯಲ್ಲಿ ಸಿಕ್ಕರೂ ಚಿಕ್ಕಪ್ಪನ ಹತ್ತಿರ ಸರಿಯಾಗಿ ಮಾತಾಡಲಿಲ್ಲವಂತೆ. ಚಿಕ್ಕಪ್ಪನಿಗೆ ಅದು ನೋವಾಗಿದ್ದು ನಿಜ. ಆತನನ್ನ ಮೋಸಗಾರ ಅಂತ ನಾನು ಹೇಳ್ತಿಲ್ಲ. ಅದನ್ನ ತೀರ್ಮಾನಿಸೋ ಅಗತ್ಯವೇ ನಮಗೆ ಬೀಳಲಿಲ್ಲ. ಬ್ಯಾಕ್‌ಗ್ರೌಂಡ್ ಚೆಕ್ ಮಾಡೋದು ಒಬ್ಬ ಮನುಷ್ಯನ ಗುಣ ಅಳೆಯೋಕೆ ಅಲ್ಲ. ಈ ದುಡ್ಡು ಮುಟ್ಟೋ ಅಧಿಕಾರ ಇವರಿಗೆ ಇದೆಯಾ ಅಂತ ತಿಳಿಯೋಕೆ.

ಓದಿದವರೂ ಬಿದ್ದಿದ್ದಾರೆ

"ನಾವು ಓದಿದವರು, ನಮಗೆ ಗೊತ್ತಾಗುತ್ತೆ" ಅನ್ನೋರಿಗೆ ನಮ್ಮ ಬೆಂಗಳೂರಿನದೇ ಎರಡು ಉದಾಹರಣೆ ಸಾಕು.

2018ರಲ್ಲಿ ಹೊರಬಂದ ವಿಕ್ರಮ್ ಇನ್ವೆಸ್ಟ್‌ಮೆಂಟ್ಸ್ ಪ್ರಕರಣ ನೆನಪಿರಬಹುದು. ಕಮಾಡಿಟಿ ವ್ಯಾಪಾರದಲ್ಲಿ ಭಾರಿ ಲಾಭ ಅಂತ ಹೇಳಿ ಜನರಿಂದ ಹಣ ಪಡೆದ ಆರೋಪ. ಹಣ ಕಳೆದುಕೊಂಡು ಪೊಲೀಸರಿಗೆ ದೂರು ಕೊಟ್ಟವರಲ್ಲಿ ನಮ್ಮ ರಾಹುಲ್ ದ್ರಾವಿಡ್ ಕೂಡ ಒಬ್ಬರು. ಗ್ರಾಹಕರನ್ನ ಕರೆತಂದವರಲ್ಲಿ ವಿಮೆ ಏಜೆಂಟರು, ಕ್ರೀಡಾ ಪತ್ರಕರ್ತರೊಬ್ಬರು ಇದ್ದರು ಅಂತ ಪೊಲೀಸರು ಹೇಳಿದ್ದರು. ಅಂದ್ರೆ ಬಾಗಿಲು ತಟ್ಟಿದ್ದು ಅಪರಿಚಿತರಲ್ಲ, ಗೊತ್ತಿರೋ ಮುಖಗಳು.

ಮರುವರ್ಷ ಐಎಂಎ. ಅದರ ಪೂರ್ತಿ ಹೆಸರೇ ಐ ಮಾನಿಟರಿ ಅಡ್ವೈಸರಿ. ಹೆಸರಲ್ಲೇ ಸಲಹೆ! 2019ರ ಜೂನ್‌ನಲ್ಲಿ ಶಿವಾಜಿನಗರದ ಕಚೇರಿ ಮುಂದೆ ಸಾವಿರಾರು ಜನ ಸೇರಿದ್ದರು. ಸಂಸ್ಥಾಪಕ ಮನ್ಸೂರ್ ಖಾನ್ ದುಬೈಗೆ ಹೋಗಿ, ಜುಲೈನಲ್ಲಿ ವಾಪಸ್ ಬಂದಾಗ ದೆಹಲಿಯಲ್ಲಿ ಬಂಧನವಾಯಿತು. ಅಲ್ಲಿ ದುಡ್ಡು ಹಾಕಿದವರನ್ನ ಠೇವಣಿದಾರರು ಅಂತ ಬರೆದುಕೊಳ್ಳದೆ, ನೋಂದಣಿಯಾದ ಸಂಸ್ಥೆಗಳ 'ಪಾಲುದಾರರು' ಅಂತ ಬರೆದುಕೊಂಡಿದ್ದರು. ಕೈಯಲ್ಲಿ ಕಾಗದ ಇತ್ತು, ಕಂಪನಿ ನೋಂದಣಿ ಇತ್ತು, ತಿಂಗಳು ತಿಂಗಳು ಲಾಭಾಂಶವೂ ಬಂದಿತ್ತು. ಇಂಥವಕ್ಕೆ ಅಂತಲೇ ಕರ್ನಾಟಕದಲ್ಲಿ ಠೇವಣಿದಾರರ ಹಿತರಕ್ಷಣೆಯ 2004ರ ಕಾಯ್ದೆ ಇದೆ. ಆಸ್ತಿ ಜಪ್ತಿ ಮಾಡಿ, ಕೋರ್ಟಿನ ಮೂಲಕ ಮಾರಿ ಹಂಚಬೇಕು. ಆದರೆ ಅದು ವರ್ಷಗಟ್ಟಲೆ ಹಿಡಿಯೋ ಕೆಲಸ, ಸಿಗೋದೂ ಪೂರ್ತಿ ಅಲ್ಲ. ಮದುವೆ, ಆಸ್ಪತ್ರೆ, ಮಕ್ಕಳ ಫೀಸು ಅಲ್ಲಿಯವರೆಗೆ ಕಾಯೋದಿಲ್ಲ.

ಹದಿನೈದು ನಿಮಿಷದ ಕೆಲಸ

ಹಾಗಾದರೆ ಏನು ಮಾಡಬೇಕು? ಫೋನ್ ಕೈಯಲ್ಲಿದ್ದರೆ ಸಾಕು.

ಒಂದು: ನಂಬರ್ ಕೇಳಿ, ನೀವೇ ಹುಡುಕಿ. ಅವರು ಕಳಿಸಿದ ಲಿಂಕ್ ಒತ್ತಬೇಡಿ, ಅವರು ಕಳಿಸಿದ ಸರ್ಟಿಫಿಕೇಟಿನ ಫೋಟೋ ನಂಬಬೇಡಿ. ಸಲಹೆಗಾರ ಅಂದ್ರೆ ಸೆಬಿ ವೆಬ್‌ಸೈಟಿನಲ್ಲಿ ನೋಂದಾಯಿತ ಮಧ್ಯವರ್ತಿಗಳ ಪಟ್ಟಿಯಲ್ಲಿ 'ಇನ್ವೆಸ್ಟ್‌ಮೆಂಟ್ ಅಡ್ವೈಸರ್' ಅನ್ನೋ ವಿಭಾಗ ತೆಗೆದು ಹೆಸರು ಹಾಕಿ. ವಿತರಕ ಅಂದ್ರೆ ಆಂಫಿ ವೆಬ್‌ಸೈಟಿನಲ್ಲಿ ಎಆರ್‌ಎನ್ ಹಾಕಿ. 'ಐಎನ್‌ಎಚ್' ಅಂತ ಶುರುವಾದರೆ ಅವರು ಸಂಶೋಧನಾ ವಿಶ್ಲೇಷಕರು. ಷೇರುಗಳ ಬಗ್ಗೆ ವರದಿ, ಶಿಫಾರಸು ಕೊಡೋದು ಅವರ ಕೆಲಸ, ನಿಮ್ಮ ಮನೆಯ ಪೂರ್ತಿ ಯೋಜನೆ ಅಲ್ಲ.

ಎರಡು: ಪಟ್ಟಿಯಲ್ಲಿರೋ ಫೋನಿಗೇ ಕರೆ ಮಾಡಿ. ಬೇರೆಯವರ ನಿಜವಾದ ನೋಂದಣಿ ಸಂಖ್ಯೆ ಕದ್ದು ವಾಟ್ಸ್‌ಆಪ್, ಟೆಲಿಗ್ರಾಂ ಗ್ರೂಪು ನಡೆಸೋರು ಇದ್ದಾರೆ. ಸೆಬಿ ಪಟ್ಟಿಯಲ್ಲಿ ವಿಳಾಸ, ಇಮೇಲ್, ಫೋನ್ ಎಲ್ಲಾ ಇರುತ್ತೆ. "ಈ ನಂಬರಿನಿಂದ ನನ್ನ ಹತ್ತಿರ ಮಾತಾಡ್ತಿರೋದು ನಿಮ್ಮವರೇನಾ?" ಅಂತ ಕೇಳಿದರೆ ಅರ್ಧ ಅನುಮಾನ ಅಲ್ಲೇ ಬಗೆಹರಿಯುತ್ತೆ.

ಮೂರು: ಹಳೆಯ ಕಥೆ ನೋಡಿ. ಸೆಬಿ ವೆಬ್‌ಸೈಟಿನಲ್ಲೇ ಅದು ಹೊರಡಿಸಿದ ಆದೇಶಗಳನ್ನ ಹೆಸರಿನಿಂದ ಹುಡುಕಬಹುದು. ಇ-ಕೋರ್ಟ್ಸ್ ಆಪ್‌ನಲ್ಲಿ ಕೋಲಾರದ ನ್ಯಾಯಾಲಯಗಳನ್ನ ಆರಿಸಿ, ಕಕ್ಷಿದಾರರ ಹೆಸರು ಹಾಕಿದರೆ ಕೇಸುಗಳು ಕಾಣುತ್ತವೆ. ಒಂದೇ ಹೆಸರಿನವರು ನಮ್ಮಲ್ಲಿ ನೂರು ಜನ ಇರ್ತಾರೆ, ಹಾಗಾಗಿ ತಂದೆ ಹೆಸರು, ಊರು ಹೊಂದಿಸಿ ನೋಡದೆ ಯಾರ ಮೇಲೂ ಗೂಬೆ ಕೂರಿಸಬೇಡಿ. ಠೇವಣಿ ಯೋಜನೆ ಆಗಿದ್ದರೆ ರಿಸರ್ವ್ ಬ್ಯಾಂಕಿನ 'ಸಚೇತ್' ಪೋರ್ಟಲ್ ನೋಡಿ. ಆ ಸಂಸ್ಥೆಗೆ ಠೇವಣಿ ತಗೊಳ್ಳೋ ಅನುಮತಿ ಇದೆಯಾ ಅಂತ ಅಲ್ಲಿ ತಿಳಿಯುತ್ತೆ, ದೂರೂ ಕೊಡಬಹುದು.

ನಾಲ್ಕು: "ನಿಮಗೆ ದುಡ್ಡು ಯಾರು ಕೊಡ್ತಾರೆ?" ಅಂತ ನೇರವಾಗಿ ಕೇಳಿ. ನಾಚಿಕೆ ಪಡೋ ಪ್ರಶ್ನೆ ಅಲ್ಲ ಇದು. ವಿತರಕರ ಮೂಲಕ ಕೊಂಡ ಮ್ಯೂಚುವಲ್ ಫಂಡ್ 'ರೆಗ್ಯುಲರ್' ಪ್ಲ್ಯಾನ್, ಅದರಲ್ಲಿ ವರ್ಷ ವರ್ಷ ಕಮಿಷನ್ ಕಳೆಯುತ್ತೆ. 2013ರಿಂದ 'ಡೈರೆಕ್ಟ್' ಪ್ಲ್ಯಾನ್ ಇದೆ, ಅದರಲ್ಲಿ ಕಮಿಷನ್ ಇಲ್ಲ. ನಿಮಗೆ ಕೈಹಿಡಿದು ನಡೆಸೋರು ಬೇಕು ಅಂದ್ರೆ ಕಮಿಷನ್ ಕೊಡೋದರಲ್ಲಿ ತಪ್ಪಿಲ್ಲ. ಎಷ್ಟು ಕೊಡ್ತಿದ್ದೀವಿ ಅಂತ ಗೊತ್ತಿರಲಿ. "ನಮ್ಮ ಸರ್ವೀಸ್ ಪೂರ್ತಿ ಫ್ರೀ" ಅಂದವರಿಗೆ ಇನ್ನೊಂದು ಸಲ ಅದೇ ಪ್ರಶ್ನೆ ಕೇಳಿ.

ಐದು: ದುಡ್ಡು ಹೋಗೋ ದಾರಿ ನೋಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಸಲಹೆಗಾರರಿಗೆ ಹೋಗಬೇಕಾದ್ದು ಅವರ ಫೀಸು ಮಾತ್ರ. ಹೂಡಿಕೆಯ ಹಣ ನಿಮ್ಮ ಖಾತೆಯಿಂದ ನೇರವಾಗಿ ಫಂಡಿಗೆ, ಬ್ಯಾಂಕಿಗೆ, ವಿಮಾ ಕಂಪನಿಗೆ ಹೋಗಬೇಕು. ಸಲಹೆಗಾರರ ಸ್ವಂತ ಖಾತೆಗೆ, ಅವರ ಹೆಂಡತಿ ಖಾತೆಗೆ, ಗುರುತಿಲ್ಲದ ಫರ್ಮಿಗೆ ಒಂದು ರೂಪಾಯಿಯೂ ಬೇಡ. 2025ರ ಅಕ್ಟೋಬರ್‌ನಿಂದ ಬ್ರೋಕರ್, ಮ್ಯೂಚುವಲ್ ಫಂಡ್‌ಗಳಿಗೆ '@ವ್ಯಾಲಿಡ್' ಅನ್ನೋ ಪ್ರತ್ಯೇಕ ಯುಪಿಐ ಗುರುತು ಬಂದಿದೆ. 'ಸೆಬಿ ಚೆಕ್' ಅನ್ನೋದರಲ್ಲಿ ಆ ಯುಪಿಐ ಅಥವಾ ಬ್ಯಾಂಕ್ ಖಾತೆ ನಿಜವಾದದ್ದೇ ಅಂತ ನೋಡಬಹುದು. ನಿಮ್ಮ ಡಿಮ್ಯಾಟ್ ಪಾಸ್‌ವರ್ಡ್, ಓಟಿಪಿ ಯಾರಿಗೂ ಕೊಡಬೇಡಿ, ಎಷ್ಟೇ ಬೇಕಾದವರಾದರೂ ಸರಿ.

ಆರು: ಗ್ಯಾರಂಟಿ ಅಂದರೆ ಎದ್ದುಬಿಡಿ. ಸೆಬಿ ನೋಂದಣಿ ಇರೋ ಯಾವ ಸಲಹೆಗಾರರೂ ಇಷ್ಟು ಲಾಭ ಖಂಡಿತ ಅಂತ ಭರವಸೆ ಕೊಡೋ ಹಾಗಿಲ್ಲ. ನಿಜವಾದವರು ಮೊದಲು ನಿಮ್ಮ ಸಾಲ ಎಷ್ಟು, ಮನೆಯಲ್ಲಿ ಎಷ್ಟು ಜನ, ನಷ್ಟ ತಡೆಯೋ ಶಕ್ತಿ ಎಷ್ಟು ಅಂತ ಕೇಳ್ತಾರೆ, ಲಿಖಿತ ಒಪ್ಪಂದ ಮಾಡ್ತಾರೆ. ನಿಮ್ಮ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಯೋಜನೆಯ ಹೆಸರು ಹೇಳೋರು ಸಲಹೆ ಕೊಡ್ತಿಲ್ಲ, ಮಾರಾಟ ಮಾಡ್ತಿದ್ದಾರೆ.

ಈಗಾಗಲೇ ದುಡ್ಡು ಕೊಟ್ಟಾಗಿದೆ, ಏನೋ ಎಡವಟ್ಟು ಅನ್ನಿಸ್ತಿದೆ ಅಂದರೆ ಸುಮ್ಮನೆ ಕೂರಬೇಡಿ. ಆನ್‌ಲೈನ್ ಮೋಸ ಆಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯೋ ಸಾಧ್ಯತೆ ಜಾಸ್ತಿ. ಸೆಬಿ ನೋಂದಣಿ ಇರೋರ ಮೇಲಿನ ದೂರಿಗೆ 'ಸ್ಕೋರ್ಸ್' ಪೋರ್ಟಲ್ ಇದೆ, ಸಹಾಯವಾಣಿ 1800 22 7575. ಗೊತ್ತಿಲ್ಲದೆ ವಿಮೆ ಪಾಲಿಸಿಗೆ ಸೈನ್ ಹಾಕಿದ್ದರೆ, ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ವಾಪಸ್ ಕೊಡಬಹುದು.

ಕೇಳೋದು ಹೇಗೆ?

ಇಷ್ಟೆಲ್ಲಾ ಗೊತ್ತಿದ್ದರೂ ಬಾಯಿ ಬಿಟ್ಟು ಕೇಳೋದೇ ಕಷ್ಟ. ಬಂದವರು ಮಾವನ ಸ್ನೇಹಿತ, ಆಫೀಸಿನ ಸೀನಿಯರ್, ಅಮ್ಮನ ಚೀಟಿ ಗುಂಪಿನವರ ಅಳಿಯ. ಕೇಳಿದರೆ ಅನುಮಾನ ಪಟ್ಟ ಹಾಗೆ, ಕೇಳದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ.

ನನಗೆ ಕಂಡುಕೊಂಡ ದಾರಿ ಅಂದ್ರೆ, ಮುಖ ನೋಡಿ ಕೇಳೋದಕ್ಕಿಂತ ಮುಂಚೆ ಮೆಸೇಜಿನಲ್ಲಿ ಕೇಳೋದು. "ಅಣ್ಣಾ, ಭಾನುವಾರ ಬರೋಕೆ ಮುಂಚೆ ನಿಮ್ಮ ಸೆಬಿ ಅಥವಾ ಎಆರ್‌ಎನ್ ನಂಬರ್ ಕಳಿಸ್ತೀರಾ? ಫೈಲಿಗೆ ಬೇಕು." ಇಷ್ಟು ಸಾಕು. ಸರಿಯಾದ ಸಲಹೆಗಾರರಿಗೆ ಇದು ದಿನಾ ಬರೋ ಪ್ರಶ್ನೆ. ನೋಂದಣಿ ಸಂಖ್ಯೆಯನ್ನ ತಮ್ಮ ಕಾಗದಪತ್ರ, ಜಾಹೀರಾತುಗಳಲ್ಲಿ ಹಾಕೋದು ಅವರಿಗೆ ನಿಯಮವೇ. ಎರಡು ನಿಮಿಷದಲ್ಲಿ ಕಳಿಸ್ತಾರೆ. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಉತ್ತರ ಬಂದರೆ, ನಿಮಗೆ ಬೇಕಾಗಿದ್ದ ಮಾಹಿತಿ ಬಂದಾಗಿದೆ.

ಇನ್ನು ಊರಲ್ಲಿರೋ ಅಪ್ಪ ಅಮ್ಮನಿಗೆ ಈ ಮೆಸೇಜೂ ಕಷ್ಟ. ಮೂವತ್ತು ವರ್ಷದ ಒಡನಾಟ, ಮುಖ ಕೆಡಿಸಿಕೊಳ್ಳೋಕೆ ಇಷ್ಟ ಇರಲ್ಲ. ಅವರಿಗೆ ಸೆಬಿ, ಆಂಫಿ ಅಂತ ಪಾಠ ಮಾಡೋದಕ್ಕಿಂತ ನಿಮ್ಮ ಹೆಸರನ್ನ ಕೊಟ್ಟುಬಿಡಿ. ಇವತ್ತೇ ಫೋನ್ ಮಾಡಿ ಹೇಳಿ: "ಅಪ್ಪಾ, ಯಾರೇ ಬಂದು ದುಡ್ಡಿನ ಮಾತಾಡಿದ್ರೂ ನನ್ನ ಮೇಲೆ ಹಾಕಿಬಿಡು. ನನ್ ಮಗಳು ನೋಡದೆ ಸೈನ್ ಹಾಕಬೇಡ ಅಂದವ್ಳೆ, ಅವಳು ಸ್ವಲ್ಪ ಜಗಳಗಂಟಿ ಅನ್ನು."

ಊರಲ್ಲಿ ಜಗಳಗಂಟಿ ಅನ್ನಿಸಿಕೊಳ್ಳಿ, ಪರವಾಗಿಲ್ಲ. ಅಪ್ಪನ ಸ್ನೇಹವೂ ಉಳಿಯುತ್ತೆ, ಜಮೀನಿನ ದುಡ್ಡೂ ಉಳಿಯುತ್ತೆ.